ಮೊದಲ ಬೆಳೆ

ಈ ದ್ವೀಪದಲ್ಲಿ ವಸಂತದ ಮೊದಲ ಬೆಳೆ
ಕಲ್ಲು.
ಯಾರೂ ಬಿತ್ತಿದ್ದಲ್ಲ, ನೀರು ಹನಿಸಿದ್ದಲ್ಲ.
ಚಳಿಗಾಲವಿಡೀ ಹೆಪ್ಪುಗಟ್ಟಿದ ನೆಲ
ಉಬ್ಬಿ, ಇಳಿದು, ಮತ್ತೆ ಉಬ್ಬಿ
ಒಂದೊಂದನ್ನೇ ಮೇಲಕ್ಕೆ ದೂಡಿರುತ್ತದೆ,
ಹಸುಳೆಯ ಒಸಡಲ್ಲಿ ಹಲ್ಲು ಮೂಡಿದ ಹಾಗೆ.

ಏಪ್ರಿಲ್ ಮೂರನೇ ವಾರ, ಸಾರೆಮಾ.
ಬೇಲಿಯ ಬುಡದಲ್ಲಿ ಇನ್ನೂ ಒಂದು ಹಿಡಿ ಕೊಳಕು ಹಿಮ.
ಅಡುಗೆಮನೆಯ ಕಿಟಕಿಯಲ್ಲಿ
ಮೊಟ್ಟೆರಟ್ಟಿನ ಗುಳಿಗಳಲ್ಲಿ ಕೂತ ಆಲೂಗಡ್ಡೆಗಳು
ನೇರಳೆ ಮೂಗು ಹೊರಗೆ ಹಾಕಿವೆ.
ಕತ್ತರಿಸಿದ ಹಾಲಿನ ಡಬ್ಬಿಯಲ್ಲಿ ಟೊಮೆಟೊ ಸಸಿಗಳು
ಬಿಸಿಲಿಗೆ ಕತ್ತು ಚಾಚಿ ಚಾಚಿ
ಸೊಂಟವೇ ಇಲ್ಲದಂತೆ ವಾಲಿವೆ.
ದಿನಕ್ಕೊಮ್ಮೆ ತಿರುಗಿಸಿಡುತ್ತೇನೆ,
ನಾಲ್ಕು ಬುದ್ಧಿಮಾತು ಹೇಳಿ.

ವಾರವೆಲ್ಲ ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುವವಳು ನಾನು.
ಉಳಿಯುವುದು ಭಾನುವಾರ ಒಂದೇ.
ಈ ಸಲ ಆ ಒಂದರಲ್ಲೇ ಎರಡು ತೋಟದ ಕಲ್ಲು.
ಪಕ್ಕದ ಮನೆಯ ಎಂಡೆಲ್‌ಗೆ ಫೆಬ್ರವರಿಯಲ್ಲಿ ಬೆನ್ನಿನ ಆಪರೇಷನ್.
ಬಗ್ಗಬಾರದು, ಎತ್ತಬಾರದು ಅಂದಿದ್ದಾರೆ ಡಾಕ್ಟರು.
ಬಾಯಿಗೂ ಒಂದು ಪಥ್ಯ ಹೇಳಬೇಕೆಂದು
ಅವರಿಗೆ ಹೊಳೆಯಲಿಲ್ಲ.
ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು
ಮೊಣಕಾಲ ಮೇಲೆ ಕಂಬಳಿ ಹರವಿಕೊಂಡು
"ಮೈಮು, ಅಲ್ಲಿ, ಎಡಕ್ಕೆ!
ಅದಲ್ಲ. ಅದರಪ್ಪ."

ಬಕೆಟ್ಟಿಗೆ ಹಾಕು, ಹೊರು, ಗೋಡೆಗೆ ಸುರಿ.
ನಮ್ಮಿಬ್ಬರ ನಡುವಿನ ಈ ಗೋಡೆ
ಯಾರೂ ಕಟ್ಟಿದ್ದಲ್ಲ, ತಾನೇ ಕೂಡಿದ್ದು:
ಎಷ್ಟೋ ತಲೆಮಾರುಗಳ ವಸಂತ
ಸೊಂಟದೆತ್ತರ.

ಮಧ್ಯೆ ಮಧ್ಯೆ ಉಳಿದ ಕೆಲಸ.
ಬಿರುಗಾಳಿ ದಡಕ್ಕೆಸೆದ ಕಡಲಪಾಚಿಯನ್ನು
ತಳ್ಳುಗಾಡಿಯಲ್ಲಿ ತಂದು ಪಾತಿಗೆ ಹೊದಿಸಿದೆ;
ಸಂಜೆಯವರೆಗೂ ಕೈ, ತಲೆ, ಬ್ರೆಡ್ಡು ಎಲ್ಲ ಸಮುದ್ರವೇ ನಾತ.
ಒಲೆಯ ಬೂದಿ ಬೀಟ್‌ರೂಟ್ ಮಡಿಗೆ.
ರಾತ್ರಿ ನೆನೆಸಿದ ಬಟಾಣಿ ಬೆರಳುಗೆಣ್ಣಿನಾಳಕ್ಕೆ.
ಸಬ್ಬಸಿಗೆಗೆ ಮಾತ್ರ ಯಾರ ಅಪ್ಪಣೆಯೂ ಬೇಡ,
ಹೋದ ವರ್ಷ ಉದುರಿದಲ್ಲೇ
ಈಗಾಗಲೇ ಕೂದಲೆಳೆಯಷ್ಟು ಹಸಿರು,
ಅದೂ ಕಾಲುದಾರಿಯ ನಟ್ಟನಡುವೆ.

ಎಂಡೆಲ್‌ನ ತೋಟದ ಮೂಲೆಯಲ್ಲಿ
ಗುದ್ದಲಿಗೆ ಏನೋ ತಾಗಿತು.
ಠಣ್ ಎನ್ನಲಿಲ್ಲ, ದಪ್ಪ ದನಿ,
ನೆಲವೇ ಹೂಂಗುಟ್ಟಿದ ಹಾಗೆ.
ಮಣ್ಣು ಸರಿಸಿದಷ್ಟೂ ಅಂಚು ಸಿಗದು.
ಬೂದು ಬೆನ್ನು, ಒದ್ದೆ, ನುಣುಪು,
ಉಸಿರಾಡಲು ಮೇಲೆ ಬಂದ ಸೀಲ್.
ಹಾರೆ ತರಲು ಹೊರಟೆ.

ಕುರ್ಚಿಯ ಕಡೆಯಿಂದ ಸದ್ದಿಲ್ಲ.
ಬೆಳಗಿನಿಂದ ಮೊದಲ ಸಲ.
ಆಮೇಲೆ, ಮೆಲ್ಲಗೆ:
"ಅದನ್ನು ಬಿಡು.
ನಾನು ಹುಡುಗನಾಗಿದ್ದಾಗ ಗುದ್ದಲಿಗೂ ಸಿಗುತ್ತಿರಲಿಲ್ಲ.
ವರ್ಷಕ್ಕೊಂದು ಬಾರ್ಲಿಕಾಳಿನಷ್ಟು ಬರುತ್ತಿದೆ.
ಬರುವವನನ್ನು ಎಳೆದು ತರಬಾರದು
ಅನ್ನುತ್ತಿದ್ದ ಅಪ್ಪ."

ಕೈಗವಸು ತೆಗೆದು ಅಂಗೈ ಊರಿದೆ.
ಮಣ್ಣು ಬೆರಳು ಕಚ್ಚುವಷ್ಟು ತಣ್ಣಗೆ;
ಕಲ್ಲು, ಅಷ್ಟೇ ಹೊತ್ತಿನ ಬಿಸಿಲಿಗೆ, ಬೆಚ್ಚಗೆ.
"ಇದರ ದಕ್ಷಿಣ ಮಗ್ಗುಲಿಗೆ ಸೌತೆ ಹಾಕೋಣ" ಎಂದೆ.
"ಕುಂಬಳ."
"ಸೌತೆ."
"ತೋಟ ಯಾರದ್ದು?"
"ಬೆನ್ನು ಯಾರದ್ದು?"
ಕೊನೆಗೆ ಎರಡೂ ಎಂದಾಯಿತು.

ಮೇ ಕಳೆಯುತ್ತ ತೂಮಿಂಗಸ್ ಮರ ಬಿಳಿ ಹೂ ಬಿಟ್ಟಿತು.
ಅದು ಅರಳಿದ ವಾರ ಚಳಿ ತಿರುಗಿ ಬರುತ್ತದೆ,
ಮರೆತ ಕೊಡೆಗೆಂದು ಬಾಗಿಲು ತಟ್ಟುವ ನೆಂಟನಂತೆ.
ಹತ್ತು ಗಂಟೆಗೂ ಪೂರ್ತಿ ಕತ್ತಲಾಗದ ಆಕಾಶ.
ಹಳೆಯ ಪರದೆ, ಹರಿದ ಹಾಸಿಗೆ ಬಟ್ಟೆ,
ಕೊನೆಗೆ ನನ್ನ ಮಳೆಕೋಟನ್ನೂ ತಂದು
ಎರಡೂ ತೋಟದ ಎಳೆಯವಕ್ಕೆ ಹೊದಿಸಿದೆ.
ಬೆನ್ನು ನೆಟ್ಟಗೆ ಮಾಡಿ ನೋಡಿದರೆ
ಎಂಡೆಲ್‌ನ ಕಿಟಕಿಯಲ್ಲಿ ದೀಪ.
ಎದ್ದು ನಿಂತಿದ್ದಾನೆ,
ಗೋಡೆ ಹಿಡಿಯದೆ.
ಗಾಜಿಗೆ ಬೆರಳು ಒತ್ತಿ ತೋರಿಸುತ್ತಿದ್ದಾನೆ:

ಅಲ್ಲಿ, ಎಡಕ್ಕೆ.